ಪರಿಶೀಲಿಸಲಾಗಿದೆ

2016ರ ಮೇ 26, ಗುರುವಾರ. ಬೆಳಿಗ್ಗೆ ಹನ್ನೊಂದೂವರೆ ದಾಟಿತ್ತು. ಮುಂಬಯಿಯ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತಿದ್ದ ನನಗೆ ಡೊಂಬಿವಲಿಯ ಮನೆಯಿಂದ ಹೆಂಡತಿಯ ಫೋನು ಬಂತು. "ಭೂಕಂಪವೋ ಏನೋ ತಿಳಿಯುತ್ತಿಲ್ಲ, ಅಡುಗೆಮನೆ ಕಿಟಕಿಯ ಗಾಜು ಪೂರ್ತಿ ಒಳಗೆ ಬಿದ್ದಿದೆ" ಎಂದಳು. ಮಗಳಿಗೆ ಆಗ ನಾಲ್ಕು ವರ್ಷ. ಆ ಕ್ಷಣ ಅವಳು ಹೊರಕೋಣೆಯಲ್ಲಿ ಆಡುತ್ತಿದ್ದಳು. ಅಡುಗೆಮನೆಯಲ್ಲೂ ಇದ್ದಿರಬಹುದಿತ್ತು.

ನಮ್ಮೊಡನೆಯೇ ಇರುವ ಮಾವನವರು ಫೋನನ್ನು ಮಗಳ ಕೈಯಿಂದ ತೆಗೆದುಕೊಂಡರು. "ಭೂಕಂಪ ಅಲ್ಲ ಮಾರಾಯ್ರೆ, ಎಂಐಡಿಸಿ ಕಡೆಯಿಂದ ಬಂದದ್ದು. ನಾನು ಟೆರೇಸಿಗೆ ಹೋಗಿ ಬಂದೆ. ಗಾಳಿ ನಮ್ಮ ಕಡೆಗೆ ಇಲ್ಲ" ಎಂದರು. ಊರೆಲ್ಲ ರಸ್ತೆಗಿಳಿದು ಹೊಗೆಯನ್ನು ನೋಡುತ್ತಿದ್ದಾಗ ಎಪ್ಪತ್ತರ ಸಮೀಪದ ಈ ಮನುಷ್ಯ ಟೆರೇಸಿನ ತಂತಿಯಲ್ಲಿ ಒಣಗುತ್ತಿದ್ದ ಪಂಚೆ ಯಾವ ದಿಕ್ಕಿಗೆ ಹಾರುತ್ತಿದೆ ಎಂದು ನೋಡಲು ಮೆಟ್ಟಿಲು ಹತ್ತಿದ್ದರು. ಅಂದು ನಮ್ಮೂರಿನ ಆ ಕಾರ್ಖಾನೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಮನೆಗಾದ ನಷ್ಟ ಗಾಜು ಮಾತ್ರ.

ಡೊಂಬಿವಲಿಯಲ್ಲಿರುವ ಕನ್ನಡಿಗರಿಗೆ ಎಂಐಡಿಸಿಯನ್ನು ಪರಿಚಯಿಸಬೇಕಾಗಿಲ್ಲ. ಇಲ್ಲಿ 2014ರಲ್ಲಿ ಹಸಿರು ಮಳೆ ಬಿದ್ದಿತ್ತು, 2020ರಲ್ಲಿ ರಸ್ತೆಯೇ ಗುಲಾಬಿಯಾಗಿತ್ತು. ಎರಡಕ್ಕೂ ನಾವು ನಕ್ಕೆವು, ಫೋಟೋ ತೆಗೆದು ಊರಿಗೆ ಕಳುಹಿಸಿದೆವು. ರಾತ್ರಿ ಹತ್ತರ ಮೇಲೆ ಬರುವ ವಾಸನೆಗೆ ಕಿಟಕಿ ಮುಚ್ಚುವುದು ಸೊಳ್ಳೆಗೆ ಮುಚ್ಚಿದಷ್ಟೇ ಸಹಜ. 2024ರ ಮೇ 23ರಂದು, ಅದೂ ಗುರುವಾರವೇ, ಮತ್ತೊಂದು ಕಾರ್ಖಾನೆಯಲ್ಲಿ ಮತ್ತೆ ಸ್ಫೋಟವಾಯಿತು. ಮಾವನವರು ಮತ್ತೆ ಟೆರೇಸು ಹತ್ತಿದರು, ಈ ಬಾರಿ ಮೊಮ್ಮಗಳ ಕೈ ಹಿಡಿದುಕೊಂಡು.

ಉಡುಪಿಯ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು ಅವರು. ಠಾಣೆ-ಬೇಲಾಪುರ ಪಟ್ಟಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಹೆಲ್ಪರಾಗಿ ಸೇರಿ ಪಾಳಿಯ ಮುಖ್ಯಸ್ಥರಾಗಿ ನಿವೃತ್ತರಾದರು. ಮದುವೆಯಾದ ಹೊಸದರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಅಳಿಯನಿಗೆ ತನ್ನ ಕೆಲಸದ ಬಗ್ಗೆ ಹೇಳಿ ಏನು ಪ್ರಯೋಜನವೆಂದು ಸುಮ್ಮನಿದ್ದರೆಂದು ತೋರುತ್ತದೆ. ಎರಡನೆಯ ಸ್ಫೋಟದ ಬಳಿಕ ಮಾತನಾಡತೊಡಗಿದರು. ನನಗೆ ಗೊತ್ತಿರುವ ರಸಾಯನವಿಜ್ಞಾನವೆಲ್ಲ ಅವರದೇ ಬಾಯಿಂದ ಬಂದದ್ದು.

ನಮ್ಮೂರಿನಂಥ ಕಡೆ ಇರುವುದು ಹೆಚ್ಚಾಗಿ ಸಣ್ಣ ಘಟಕಗಳು. ಒಂದು ದೊಡ್ಡ ಮುಚ್ಚಿದ ಪಾತ್ರೆ, ಅದರೊಳಗೆ ಕಲಕುವ ರೆಕ್ಕೆ, ಹೊರಗೆ ತಣ್ಣೀರು ಹರಿಯುವ ಕವಚ. ಇದು ರಿಯಾಕ್ಟರ್. ಎರಡು ದ್ರವಗಳು ಸೇರಿ ವರ್ತಿಸುವಾಗ ಶಾಖ ಹುಟ್ಟುತ್ತದೆ. ತಣ್ಣೀರು ಅದನ್ನು ಹೊತ್ತೊಯ್ಯುತ್ತದೆ. ತೊಡಕು ಇರುವುದು ಈ ಎರಡರ ಲೆಕ್ಕದಲ್ಲಿ. ಸ್ಥೂಲವಾಗಿ, ತಾಪಮಾನ ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಎರಡರಷ್ಟಾಗುತ್ತದೆ. ಇನ್ನು ಹತ್ತು ಏರಿದರೆ ನಾಲ್ಕರಷ್ಟು. ತಣ್ಣೀರಿನ ಶಕ್ತಿ ಹಾಗೆ ಇಮ್ಮಡಿಸುವುದಿಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಯಾವುದೋ ಒಂದು ಹಂತದಲ್ಲಿ ಶಾಖ ಮುಂದೆ ಓಡುತ್ತದೆ, ಮತ್ತೆ ಕೈಗೆ ಸಿಗುವುದಿಲ್ಲ. ಕಲಕುವ ರೆಕ್ಕೆ ಕರೆಂಟು ಹೋಗಿ ಹತ್ತು ನಿಮಿಷ ನಿಂತಿತೆನ್ನಿ. ಹಾಕಿದ ದ್ರವ ಮೇಲೆಯೇ ನಿಂತಿರುತ್ತದೆ. ಕರೆಂಟು ಬಂದು ರೆಕ್ಕೆ ತಿರುಗಿದೊಡನೆ ಅಷ್ಟೂ ಒಮ್ಮೆಲೇ ಬೆರೆಯುತ್ತದೆ. "ರೆಕ್ಕೆ ನಿಂತರೆ ಮೊದಲು ಹಾಕುವುದನ್ನು ನಿಲ್ಲಿಸ್ಬೇಕು. ಮತ್ತೆ ಶುರು ಮಾಡ್ಲಿಕ್ಕೆ ಅವಸರ ಮಾಡ್ಬಾರದು. ಇದನ್ನು ಹೇಳಿಕೊಡ್ಲಿಕ್ಕೆ ಇಂಜಿನಿಯರೇ ಬೇಕಂತ ಇಲ್ಲ, ಆದರೆ ಯಾರಾದರೂ ಒಬ್ಬ ಹೇಳಿಕೊಡ್ಬೇಕು" ಎನ್ನುತ್ತಿದ್ದರು. ಗುತ್ತಿಗೆಯವನು ನಿನ್ನೆ ತಂದು ನಿಲ್ಲಿಸಿದ ಹುಡುಗನಿಗೆ ಯಾರೂ ಹೇಳಿಕೊಡುವುದಿಲ್ಲ ಎಂಬುದು ಅವರ ಸಿಟ್ಟು.

ಆದರೆ ಅವರು ಹೆಚ್ಚು ಮಾತನಾಡುತ್ತಿದ್ದುದು ಒಂದು ಕಾಗದದ ಬಗ್ಗೆ. ಅದರ ಹೆಸರು ಪರ್ಮಿಟ್. ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಬೇಕಾದರೆ, ಟ್ಯಾಂಕಿನೊಳಗೆ ಇಳಿಯಬೇಕಾದರೆ, ಪಂಪನ್ನು ಬಿಚ್ಚಬೇಕಾದರೆ ಮೊದಲು ಪರ್ಮಿಟ್ ಬರೆಯಬೇಕು. ಯಾವ ಟ್ಯಾಂಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಕೊಳವೆ ಬೇರ್ಪಟ್ಟಿದೆಯೇ, ಮೋಟಾರಿನ ಸ್ವಿಚ್ಚಿಗೆ ಬೀಗ ಬಿದ್ದಿದೆಯೇ, ಗ್ಯಾಸ್ ಮೀಟರು ಎಷ್ಟು ತೋರಿಸಿತು. ಉರಿಯುವ ಆವಿ ಇರಕೂಡದು. ಗಾಳಿಯಲ್ಲಿ ಸಹಜವಾಗಿ ಸುಮಾರು 21 ಭಾಗವಿರುವ ಆಮ್ಲಜನಕ 19.5ಕ್ಕಿಂತ ಕೆಳಗಿದ್ದರೆ ಒಳಗೆ ಮನುಷ್ಯ ಇಳಿಯಕೂಡದು. ಕೆಲಸ ಕೊಡುವವನ ಸಹಿ, ಮಾಡುವವನ ಸಹಿ, ಅಳೆದವನ ಸಹಿ. ಪಾಳಿ ಮುಗಿದರೆ ಕಾಗದವೂ ಮುಗಿಯಿತು. ಮುಂದಿನ ಪಾಳಿಯವನು ಮತ್ತೆ ಹೋಗಿ ನೋಡಿ ಹೊಸದಾಗಿ ಸಹಿ ಹಾಕಬೇಕು.

ಕೊಳವೆ ಬೇರ್ಪಡಿಸುವುದೆಂದರೆ ವಾಲ್ವ್ ಮುಚ್ಚುವುದಲ್ಲವೇ ಎಂದು ಕೇಳಿದೆ. ಅವರು ನಕ್ಕರು. "ವಾಲ್ವ್ ಅಂದ್ರೆ ಬಾಗಿಲು ಹಾಕಿದ ಹಾಗೆ. ಸಂದಿಯಲ್ಲಿ ಗಾಳಿ ಬರ್ತದೆ. ಬ್ಲೈಂಡ್ ಅಂದ್ರೆ ಗೋಡೆ ಕಟ್ಟಿದ ಹಾಗೆ." ಕೊಳವೆಯ ಎರಡು ತುಂಡುಗಳ ನಡುವೆ ಬೋಲ್ಟು ಸಡಿಲಿಸಿ ತೂರಿಸುವ ದಪ್ಪನೆಯ ಉಕ್ಕಿನ ತಟ್ಟೆಯೇ ಬ್ಲೈಂಡ್. ಹಾಕಲು ಒಂದು ತಾಸು, ತೆಗೆಯಲು ಒಂದು ತಾಸು. ಆದ್ದರಿಂದಲೇ ಬಿಟ್ಟುಹೋಗುವುದು.

ಆಮೇಲೆ ಅವರು ಹೇಳಿದ್ದನ್ನು ಅತ್ತೆಯವರಿಗೂ ಹೇಳಿರಲಿಲ್ಲವಂತೆ. ಒಂದು ರಾತ್ರಿಪಾಳಿ, ಮೂರು ಗಂಟೆಯ ಹೊತ್ತು. ವೆಲ್ಡರ್ ಪರ್ಮಿಟ್ ಹಿಡಿದು ಬಂದ. ಸಂಜೆಯ ಪಾಳಿಯವನು ಎಲ್ಲವನ್ನೂ ನೋಡಿದ್ದಾನೆ, ಬ್ಲೈಂಡ್ ಹಾಕಿದೆ ಎಂದು ಬರೆದಿದ್ದಾನೆ. ಮಳೆ ಸುರಿಯುತ್ತಿತ್ತು, ಟ್ಯಾಂಕು ಇನ್ನೊಂದು ತುದಿಯಲ್ಲಿ. ಮಾವನವರು ಕುಳಿತಲ್ಲೇ ಸಹಿ ಹಾಕಿದರು. ವೆಲ್ಡಿಂಗ್ ಮುಗಿಯಿತು, ಏನೂ ಆಗಲಿಲ್ಲ. ಬೆಳಿಗ್ಗೆ ಬ್ಲೈಂಡ್ ತೆಗೆಸಲು ತಾವೇ ಹೋದರೆ ಅಲ್ಲಿ ಬ್ಲೈಂಡೇ ಇರಲಿಲ್ಲ. "ವಾಲ್ವ್ ಹಿಡಿದಿತ್ತು, ಅಷ್ಟೇ. ಆ ಹುಡುಗನಿಗೆ ಇವತ್ತಿಗೂ ಗೊತ್ತಿಲ್ಲ. ಅವನ ಮದುವೆಗೆ ನಾನು ಹೋಗಿದ್ದೆ ಮಾರಾಯ್ರೆ." ಆ ಬಳಿಕ ನಿವೃತ್ತಿಯವರೆಗೂ ನೋಡದೆ ಸಹಿ ಹಾಕಲಿಲ್ಲವಂತೆ. ಕೆಲಸ ನಿಧಾನ ಮಾಡುತ್ತಾನೆಂಬ ಹೆಸರು ಬಂತು, ಒಂದು ಬಡ್ತಿಯೂ ತಡವಾಯಿತು.

ಆಮೇಲೆ ನಾನು ಓದತೊಡಗಿದೆ. ಭೋಪಾಲದ ಬಗ್ಗೆ ನಮಗೆಲ್ಲ ಗೊತ್ತೆಂದು ನಾವು ತಿಳಿದಿದ್ದೇವೆ. 1984ರ ಡಿಸೆಂಬರ್ 2ರ ಆ ರಾತ್ರಿ ಮಿಥೈಲ್ ಐಸೋಸಯನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಸೇರಿತು. ಆ ದ್ರವ 39 ಡಿಗ್ರಿಗೇ ಕುದಿಯುತ್ತದೆ. ಅದನ್ನು ತಂಪಾಗಿಡಬೇಕಿದ್ದ ಶೀತಲಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ತೊಳೆಯಬೇಕಿದ್ದ ಸ್ಕ್ರಬ್ಬರ್ ಚಾಲನೆಯಲ್ಲಿರಲಿಲ್ಲ. ಸುಡಬೇಕಿದ್ದ ಫ್ಲೇರ್ ಗೋಪುರದ ಕೊಳವೆಯ ಒಂದು ತುಂಡನ್ನು ದುರಸ್ತಿಗೆಂದು ಕಳಚಲಾಗಿತ್ತು. ನೀರಿನ ಪರದೆ ಅನಿಲ ಹೊರಹೊಮ್ಮಿದ ಎತ್ತರಕ್ಕೆ ಮುಟ್ಟಲಿಲ್ಲ. ನೀರು ಹೇಗೆ ಸೇರಿತೆಂಬ ಬಗ್ಗೆ ಜಗಳವಿದೆ. ಕಂಪನಿ ಅದನ್ನು ಯಾರೋ ಬೇಕೆಂದೇ ಮಾಡಿದ್ದೆಂದಿತು. ಕೊಳವೆಗಳನ್ನು ನೀರಿನಿಂದ ತೊಳೆಯುವಾಗ ಬ್ಲೈಂಡ್ ಹಾಕಿರಲಿಲ್ಲ ಎಂಬುದು ಕೆಲಸಗಾರರ ಕಡೆಯ ವಿವರಣೆ. ಆ ಸಾಲನ್ನು ಓದಿದಾಗ ನನಗೆ ಮಾವನವರ ಮಳೆಯ ರಾತ್ರಿ ನೆನಪಾಯಿತು. ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಎತ್ತಿದವರಲ್ಲಿ ಬ್ರಿಟನ್ನಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ ಪ್ರಮುಖರು. ಕೀಟನಾಶಕ ತಯಾರಿಸುವ ದಾರಿಯ ನಡುವಿನ ಒಂದು ಹಂತದ ವಸ್ತು ಅದು. ಅದನ್ನು ಹತ್ತಾರು ಟನ್ ಕೂಡಿಡುವ ಅಗತ್ಯವಾದರೂ ಏನಿತ್ತು? ಅಪಾಯಕ್ಕೆ ಕಾವಲು ಹಾಕುವುದಕ್ಕಿಂತ ಅಪಾಯವನ್ನೇ ಇಟ್ಟುಕೊಳ್ಳದಿರುವುದು ಮೇಲೆಂಬುದು ಅವರ ವಾದದ ತಿರುಳು.

ಉತ್ತರ ಸಮುದ್ರದ ಪೈಪರ್ ಆಲ್ಫಾ ಕಾರ್ಖಾನೆಯಲ್ಲ, ತೈಲದ ವೇದಿಕೆ. ಆದರೂ ನನ್ನಂಥ ಕಡತದ ಮನುಷ್ಯನನ್ನು ಅದರಷ್ಟು ಕಾಡಿದ್ದು ಬೇರೊಂದಿಲ್ಲ. 1988ರ ಜುಲೈ 6. ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಹಗಲಿನ ಪಾಳಿಯವರು ಪರೀಕ್ಷೆಗೆಂದು ಕಳಚಿದ್ದರು. ಸಂಜೆಯೊಳಗೆ ಮತ್ತೆ ಕೂರಿಸಲಾಗಲಿಲ್ಲ; ಬಾಯಿಗೆ ಒಂದು ತಟ್ಟೆ ಮುಚ್ಚಿ, ಪರ್ಮಿಟ್ ಕಾಗದವನ್ನು ಹಿಂದಿರುಗಿಸಿ ಹೋದರು. ಅದೇ ಪಂಪಿನ ಮೇಲೆ ಬೇರೊಂದು ಕೆಲಸದ ಬೇರೊಂದು ಪರ್ಮಿಟ್ ಕೂಡ ಇತ್ತು. ರಾತ್ರಿ ಇನ್ನೊಂದು ಪಂಪು ನಿಂತುಹೋದಾಗ ಪಾಳಿಯವರಿಗೆ ಸಿಕ್ಕಿದ್ದು ಒಂದೇ ಕಾಗದ, ಅದರ ಪ್ರಕಾರ ಕೆಲಸ ಇನ್ನೂ ಆರಂಭವಾಗಿರಲಿಲ್ಲ. ಅವರು ಪಂಪನ್ನು ಚಾಲೂ ಮಾಡಿದರು. 167 ಜನ ಸತ್ತರು. ಎರಡು ಕಡತಗಳನ್ನು ಒಟ್ಟಿಗೆ ಮಂಡಿಸದಿದ್ದರೆ ನಮ್ಮಲ್ಲಿ ಮೇಲಧಿಕಾರಿ ಗದರಿಸುತ್ತಾರೆ. ಅಲ್ಲಿ ಸಮುದ್ರಕ್ಕೆ ಬೆಂಕಿ ಬಿತ್ತು.

ಸರ್ಕಾರಿ ಕೆಲಸಕ್ಕೆ ಸೇರುವ ಮುನ್ನ ಎರಡು ವರ್ಷ ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ್ದೆ. ಕರ್ಮಣಿ ಪ್ರಯೋಗ ಕಲಿಸುವಾಗ ಕರ್ತೃವನ್ನು ಬಿಟ್ಟರೂ ವಾಕ್ಯ ಪೂರ್ಣವಾಗಿರುತ್ತದೆ ಎಂದು ಹೇಳಿಕೊಡುತ್ತಿದ್ದೆ. ಆ ಪಾಠದ ನಿಜವಾದ ಉಪಯೋಗ ತಿಳಿದದ್ದು ಕಚೇರಿಗೆ ಬಂದ ಮೇಲೆ. 'ಚೆಕ್ಡ್ ಅಂಡ್ ಫೌಂಡ್ ಇನ್ ಆರ್ಡರ್.' ಹಿಂದಿಯಲ್ಲಿ 'ಜಾಂಚ್ ಕೀ ಗಯೀ'. ಕನ್ನಡದಲ್ಲಿ 'ಪರಿಶೀಲಿಸಲಾಗಿದೆ'. ಮೂರು ಭಾಷೆಗಳಲ್ಲೂ ನೋಡಿದವನು ಯಾರೆಂಬುದಿಲ್ಲ. ನೋಡಿದ್ದಾರೆ ಎಂಬುದಷ್ಟೇ ಇದೆ. ಮೇಲೆ ಭೋಪಾಲದ ಬಗ್ಗೆ ಬರೆಯುವಾಗ ನಾನೂ ನಿಲ್ಲಿಸಲಾಗಿತ್ತು, ಕಳಚಲಾಗಿತ್ತು ಎಂದೇ ಬರೆದಿದ್ದೇನೆ. ಅಭ್ಯಾಸ.

ಹೇಳಲು ಹೊರಟದ್ದು ಇದನ್ನೇ. ಭೋಪಾಲದ ಬಳಿಕ ನಮ್ಮಲ್ಲಿ ಕಾನೂನುಗಳು ಬಂದವು: 1986ರ ಪರಿಸರ ಸಂರಕ್ಷಣಾ ಕಾಯ್ದೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು. ಅಪಾಯ ಎದುರಿಗೇ ಇದೆಯೆಂದು ಎಚ್ಚರಿಸುವುದು ಕೆಲಸಗಾರನ ಹಕ್ಕೆಂದು ತಿದ್ದುಪಡಿಯಲ್ಲಿದೆ. ಅಂಥ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕೆಂದು ನಿಯಮಗಳಲ್ಲಿದೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಪಾಲಿಮರ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊಮ್ಮಿ 12 ಜನ ಸತ್ತರಲ್ಲ, ಅಲ್ಲಿ ಸೈರನ್ ಮೊಳಗಿಸಲು 36 ಗುಂಡಿಗಳಿದ್ದವು ಎಂದು ಆಂಧ್ರ ಸರ್ಕಾರದ ಸಮಿತಿ ಕಂಡುಕೊಂಡಿತು. ಒಂದನ್ನೂ ಯಾರೂ ಒತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತಿದ್ದ ಆ ಟ್ಯಾಂಕಿನ ತಾಪಮಾನವನ್ನು ತಳದಲ್ಲಿ ಅಳೆಯುತ್ತಿದ್ದರು. ಕಾದದ್ದು ಮೇಲ್ಭಾಗ. ದಾಖಲೆಯ ಅಂಕಿ ಸುಳ್ಳಲ್ಲ. ನೋಡಬೇಕಾದ ಜಾಗವೇ ಬೇರೆ ಇತ್ತು.

ಇಷ್ಟೆಲ್ಲ ಓದುತ್ತಿದ್ದವನ ಮೇಜಿಗೆ ಕಳೆದ ವರ್ಷ ಒಂದು ಕಡತ ಬಂತು. ನಮ್ಮ ಕಚೇರಿ ಏಳು ಮಹಡಿಯದು. ವರ್ಷಕ್ಕೊಮ್ಮೆ ಅಗ್ನಿ ಸುರಕ್ಷತಾ ಕವಾಯತಿನ ವರದಿ ಮೇಲೆ ಹೋಗಬೇಕು, ಆಡಳಿತ ವಿಭಾಗದವನಾಗಿ ಸಹಿ ನನ್ನದು. ಹಿಂದಿನ ನಾಲ್ಕು ವರ್ಷದ ವರದಿಗಳು ಒಳಗಿದ್ದವು. ನಾಲ್ಕೂ ಒಂದೇ ಕರಡು, ದಿನಾಂಕ ಮಾತ್ರ ಬೇರೆ. ಕವಾಯತನ್ನು ನಡೆಸಲಾಗಿದೆ, ನಿರ್ಗಮನ ದ್ವಾರಗಳನ್ನು ಪರಿಶೀಲಿಸಲಾಗಿದೆ. ನಾಲ್ಕಕ್ಕೂ ನನ್ನದೇ ಸಹಿ. ಕವಾಯತು ನಡೆದದ್ದು ನನಗೆ ನೆನಪಿಲ್ಲ. ನೆನಪಿಲ್ಲದಿರುವುದಲ್ಲ, ನಡೆದಿರಲಿಲ್ಲ.

ಪೆನ್ನು ಕೆಳಗಿಟ್ಟು ಎದ್ದೆ. ಪೂರ್ವದ ಮೆಟ್ಟಿಲಿನ ಆರನೆಯ ಮಹಡಿಯಲ್ಲಿ ವಿಲೇವಾರಿಗೆ ಕಾದ ಹಳೆಯ ಕಡತಗಳ ಗಂಟುಗಳು ಎದೆಯೆತ್ತರಕ್ಕೆ ಪೇರಿಸಿದ್ದವು. ಅವುಗಳ ಬಗ್ಗೆ ಟಿಪ್ಪಣಿ ಬರೆದವನೂ ನಾನೇ. ಕೆಳಗಿನ ಬಾಗಿಲಿಗೆ ಹೊರಗಿನಿಂದ ಬೀಗ. ಕೀಲಿ ಕಾವಲುಗಾರನಲ್ಲಿ, ಕಾವಲುಗಾರ ಚಹಾಕ್ಕೆ ಹೋಗಿದ್ದ. ಹತ್ತೊಂಬತ್ತು ನಿಮಿಷ ಆ ಬಾಗಿಲಿನ ಒಳಗೆ ನಿಂತಿದ್ದೆ, ಗಡಿಯಾರ ನೋಡುತ್ತ. ಬಂದವನು "ಸಾಬ್, ಲಿಫ್ಟ್ ಚಾಲೂ ಹೈ" ಎಂದ.

ಆ ವರ್ಷದ ವರದಿಯನ್ನು ಕರ್ತರಿ ಪ್ರಯೋಗದಲ್ಲಿ ಬರೆದೆ. ಇಂಥ ದಿನ, ಇಷ್ಟು ಗಂಟೆಗೆ, ನಾನು ಹೋದೆ, ಬಾಗಿಲು ತೆರೆಯಲಿಲ್ಲ. ಹಿಂದಿನ ನಾಲ್ಕು ವರದಿಗಳು ನಿಜವಲ್ಲ ಎಂಬ ಒಂದು ವಾಕ್ಯವನ್ನೂ ಸೇರಿಸಿದ್ದೆ. ಆ ವಾಕ್ಯವನ್ನು ಬರೆದು, ಹೊಡೆದು, ಮತ್ತೆ ಬರೆಯುವುದರಲ್ಲಿ ಮೂರು ದಿನ ಹೋಯಿತು. ಪಿಂಚಣಿಯ ಲೆಕ್ಕ ಹಾಕದೆ ಇರಲಿಲ್ಲ. ಮೇಲಧಿಕಾರಿಗಳು ಕೆಟ್ಟವರಲ್ಲ. ಕರೆದು ಕೂರಿಸಿ, ಚಹಾ ತರಿಸಿ, ಆ ವಾಕ್ಯ ಅಗತ್ಯವೇ ಎಂದು ಕೇಳಿದರು. ಹೌದೆಂದೆ. ಕಡತ ಇನ್ನೂ ಅವರ ಬಳಿಯೇ ಇದೆ.

ಮಾವನವರಿಗೆ ರಾತ್ರಿ ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿದೆ. ಹೊಗಳುತ್ತಾರೆಂದು ನಿರೀಕ್ಷಿಸಿರಲಿಲ್ಲವೆಂದರೆ ಸುಳ್ಳಾದೀತು. ಅವರು ಕೇಳಿದ್ದು ಒಂದೇ: "ಕೀಲಿ ಈಗ ಯಾರ ಹತ್ರ ಉಂಟು?"

"ನನ್ನ ಮೇಜಿನ ಡ್ರಾಯರಿನಲ್ಲಿದೆ" ಎಂದೆ.

"ನೀವು ರಜೆ ಹಾಕಿದ ದಿನ?"

ಮರುದಿನ ಬೀಗವನ್ನೇ ತೆಗೆಸಿ, ಒಳಗಿನಿಂದ ತಳ್ಳಿದರೆ ತೆರೆಯುವಂಥ ಚಿಲಕ ಹಾಕಿಸಿದೆ. ಕಳ್ಳತನವಾದರೆ ಹೊಣೆ ಯಾರೆಂದು ಕೇಳಿ ಭದ್ರತಾ ವಿಭಾಗದಿಂದ ಒಂದು ಪತ್ರ ಬಂದಿದೆ. ಉತ್ತರ ಇನ್ನೂ ಬರೆದಿಲ್ಲ.