ಎರಡಿಂಚು ನೀರು, ನಾಲ್ಕಿಂಚು ಪೈಪು

ಗೇಮ್ ಆಡೋ ಹುಡುಗರ ಬಾಯಲ್ಲಿ ಮೂರು ನಂಬರ್ ಸದಾ ಇರುತ್ತವೆ: ಹರ್ಟ್ಜ್, ರೆಸಲ್ಯೂಷನ್, ಎಫ್‌ಪಿಎಸ್. ಮೂರೂ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಅಂಗಡಿಯವರು ಹೇಳ್ತಾರೆ. ಮೂರರ ಖರ್ಚೂ ಒಂದೇ ಜೇಬಿಂದ ಹೋಗುತ್ತೆ ಅನ್ನೋದನ್ನ ಮಾತ್ರ ಹೇಳಲ್ಲ. (ಜೇಬು ಅಂದ್ರೆ ಇಲ್ಲಿ ಗ್ರಾಫಿಕ್ಸ್ ಕಾರ್ಡು. ಅಪ್ಪನ ಜೇಬಿನ ವಿಷಯ ಆಮೇಲೆ ಬರುತ್ತೆ!)

ಸವಳಂಗದ ಮನೇಲಿ ನನ್ನ ತಮ್ಮನ ಮಗನ ಹತ್ರ ಒಂದು ಪಿಸಿ ಇದೆ. ಜಿಟಿಎಕ್ಸ್ 1650 ಕಾರ್ಡು, 60 ಹರ್ಟ್ಜಿನ ಹಳೇ ಮಾನಿಟರು. ಈ ಸಲ ಅಡಿಕೆ ದುಡ್ಡು ಬಂದದ್ದೇ ತಡ, 27 ಇಂಚಿನ, 1440ಪಿ, 165 ಹರ್ಟ್ಜಿನ ಮಾನಿಟರೇ ಬೇಕು ಅಂತ ಹಟ ಹಿಡಿದ. ತಮ್ಮನಿಗೆ ಅದೇ ದುಡ್ಡಲ್ಲಿ ತೋಟದ ಡ್ರಿಪ್ ಪೈಪ್ ಬದಲಾಯಿಸೋದಿತ್ತು. ಎರಡು ದಿನ ಅಪ್ಪ ಮಗನ ಮಧ್ಯೆ ಮಾತೇ ಇಲ್ಲ. ಕೊನೆಗೆ ತಮ್ಮ ಬಂದು, "ಅಣ್ಣ, ಇದು ಬೇಕೋ ಬ್ಯಾಡೋ ನೀನೇ ಹೇಳು" ಅಂದ.

ತೋಟದ ಲೆಕ್ಕದಲ್ಲೇ ಹೇಳಿದೆ. ಕಾರ್ಡು ಅಂದ್ರೆ ಬೋರು, ಎರಡಿಂಚು ನೀರು ಬರುತ್ತೆ ಅಂತಿಟ್ಕೋ. ರೆಸಲ್ಯೂಷನ್ ಅಂದ್ರೆ ಎಷ್ಟು ಗಿಡಕ್ಕೆ ನೀರು ಬಿಡಬೇಕು ಅನ್ನೋದು. ಎಫ್‌ಪಿಎಸ್ ಅಂದ್ರೆ ಸೆಕೆಂಡಿಗೆ ಇಡೀ ತೋಟಕ್ಕೆ ಎಷ್ಟು ಸುತ್ತು ನೀರು ಬಂತು ಅನ್ನೋದು. ಹರ್ಟ್ಜ್ ಅಂದ್ರೆ ಪೈಪಿನ ಅಗಲ. ನಾಲ್ಕಿಂಚಿನ ಪೈಪ್ ಹಾಕಿದ್ರೆ ಆ ಬೋರಲ್ಲಿ ನಾಲ್ಕಿಂಚು ನೀರು ಬರುತ್ತಾ?

"ಅದೆಂಗ್ ಬರ್ತತಿ!" ಅಂತ ನಕ್ಕ.

1080ಪಿ ಅಂದ್ರೆ 1920×1080, ಸುಮಾರು 20.7 ಲಕ್ಷ ಚುಕ್ಕಿ. 1440ಪಿ ಅಂದ್ರೆ 36.9 ಲಕ್ಷ. 4ಕೆ ಆದ್ರೆ 82.9 ಲಕ್ಷ. ಹುಡುಗನ ಪಿಸಿಯಲ್ಲಿ 'ರೆಡ್ ಡೆಡ್ ರಿಡೆಂಪ್ಶನ್ 2' ಈಗಲೇ 40 ಎಫ್‌ಪಿಎಸ್ ದಾಟಲ್ಲ. 1440ಪಿಗೆ ಹೋದರೆ 30ರ ಕೆಳಗೆ ಇಳಿಯುತ್ತೆ. 165 ಹರ್ಟ್ಜಿನ ಮಾನಿಟರು ಒಂದೇ ಚಿತ್ರವನ್ನ ಐದಾರು ಸಲ ತೋರಿಸ್ತಾ ಕೂರಬೇಕು ಅಷ್ಟೆ. ರೆಸಲ್ಯೂಷನ್ ಇಳಿಸಿ ಆಡೋಣ ಅಂದ್ರೆ, 1440ಪಿ ಪರದೆ ಮೇಲೆ 1080ಪಿ ಚಿತ್ರ ಮಸುಕು ಮಸುಕು.

ಹಾಗಂತ ಹುಡುಗ ಹೇಳಿದ್ದೆಲ್ಲ ಸುಳ್ಳೂ ಅಲ್ಲ. ಅವನು ಜಾಸ್ತಿ ಆಡೋದು ವ್ಯಾಲೊರಂಟ್. ಅದರಲ್ಲಿ ಇದೇ ಕಾರ್ಡು 150ರ ಹತ್ತಿರ ಕೊಡುತ್ತೆ, ಹಳೇ ಮಾನಿಟರು ಅದರಲ್ಲಿ 60 ಮಾತ್ರ ತೋರಿಸುತ್ತೆ. ಅಂದ್ರೆ ಬೋರಲ್ಲಿ ನೀರಿದೆ, ಪೈಪೇ ಸಣ್ಣದು. 60 ಹರ್ಟ್ಜಲ್ಲಿ ಹೊಸ ಚಿತ್ರ ಬರೋಕೆ 16.7 ಮಿಲಿಸೆಕೆಂಡ್, 144ರಲ್ಲಿ 6.9. ಗುರಿ ಇಟ್ಟು ಹೊಡೆಯೋ ಆಟದಲ್ಲಿ ಇದು ಕಣ್ಣಿಗೂ ಕೈಗೂ ಗೊತ್ತಾಗುತ್ತೆ. ಇದನ್ನ ಅವರಪ್ಪನ ಎದುರೇ ಹೇಳಿದೆ. ಹುಡುಗನ ಮುಖ ಸ್ವಲ್ಪ ಅರಳಿತು.

ನನ್ನ ತೀರ್ಪು: 24 ಇಂಚು, 1080ಪಿ, 144 ಹರ್ಟ್ಜ್, ಫ್ರೀಸಿಂಕ್ ಇರಲೇಬೇಕು. ಕಾರ್ಡು ಚಿತ್ರ ಕಳಿಸೋವರೆಗೂ ಮಾನಿಟರು ಕಾಯೋ ವ್ಯವಸ್ಥೆ ಅದು. ಇಲ್ಲದಿದ್ದರೆ ಅರ್ಧ ಹಳೇ ಚಿತ್ರ, ಅರ್ಧ ಹೊಸ ಚಿತ್ರ ಒಟ್ಟಿಗೆ ಬಂದು ಪರದೆ ಹರಿದ ಹಾಗೆ ಕಾಣುತ್ತೆ. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳಲ್ಲೂ ಇದು ನಡೆಯುತ್ತೆ, ಆದ್ರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಹಾಕಬೇಕು. ಭಾರೀ ಆಟಗಳಲ್ಲಿ ನೆರಳು, ಹುಲ್ಲು ಎಲ್ಲ ಕಡಿಮೆ ಮಾಡ್ಕೊಂಡು 50ರ ಮೇಲೆ ಇಟ್ಕೊಂಡ್ರೆ ಸಾಕು.

"ದೊಡ್ಡಪ್ಪ, 1080ಪಿನೇ ಇರ್ಲಿ, 27 ಇಂಚು ತಗೊಳ್ಲಾ?" ಬೇಡ ಅಂದೆ. ಅಷ್ಟೇ ಚುಕ್ಕಿ ದೊಡ್ಡ ಪರದೆಗೆ ಹರಡಿದ್ರೆ ಮೇಜಿನ ದೂರದಿಂದ ಒರಟಾಗಿ ಕಾಣುತ್ತೆ.

ಶಿವಮೊಗ್ಗದಿಂದ ಮಾನಿಟರು ತಂದು ಜೋಡಿಸಿದ್ರೆ ವಿಂಡೋಸ್ ಇನ್ನೂ 60ರಲ್ಲೇ ಕೂತಿತ್ತು. ಹೊಸ ಮಾನಿಟರ್ ತಂದವರು ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆಗೆದು 144 ಆರಿಸೋದು ಮರೀಬೇಡಿ. ಉಳಿದ ದುಡ್ಡಲ್ಲಿ ಅರ್ಧ ತೋಟಕ್ಕೆ ಹೊಸ ಪೈಪ್ ಬಂತು, ಇನ್ನರ್ಧ ಮುಂದಿನ ಕೊಯ್ಲಿಗೆ. ಹುಡುಗ ಮಾತ್ರ 27 ಇಂಚಿನ ಮಾತು ಇನ್ನೂ ಬಿಟ್ಟಿಲ್ಲ.