ಗೇಟಿನ ಹತ್ತು ನಿಮಿಷ

ಎಂಬತ್ತರ ದಶಕದ ಕೊನೆಗೆ ನಾನು ಸೇರಿದಾಗ ಪೀಣ್ಯ ಎರಡನೇ ಹಂತದ ಆ ಕಾರ್ಖಾನೆಯಲ್ಲಿ ಟೈಮ್ ಆಫೀಸ್ ಅಂದರೆ ಗೇಟಿಗೆ ಅಂಟಿಕೊಂಡ ಒಂದು ಪುಟ್ಟ ಕೋಣೆ. ಕಂಬಿ ಹಾಕಿದ ಕಿಟಕಿ, ಮರದ ಮೇಜು, ಕೆಂಪು ಬೈಂಡಿನ ಮಸ್ಟರ್ ರೋಲು. ಗೋಡೆಯ ಮೇಲೊಂದು ಹಲಗೆ, ಅದರ ತುಂಬ ಮೊಳೆ, ಒಂದೊಂದು ಮೊಳೆಗೂ ನಂಬರು ಕೆತ್ತಿದ ಹಿತ್ತಾಳೆ ಟೋಕನ್. ಒಳಬರುವವನು ತನ್ನ ಟೋಕನ್ ತೆಗೆದು ಕಿಟಕಿಯ ಕೆಳಗಿನ ಪೆಟ್ಟಿಗೆಗೆ ಹಾಕಬೇಕು. ಸೈರನ್ ಆದಮೇಲೆ ಪೆಟ್ಟಿಗೆಗೆ ಬೀಗ. ಹಲಗೆಯಲ್ಲಿ ನೇತಾಡುತ್ತ ಉಳಿದವರೆಲ್ಲ ಆವತ್ತು ರಜ.

ಬೀಗದ ಕೈ ಇರುತ್ತಿದ್ದದ್ದು ನಮ್ಮ ಹಿರಿಯ ಟೈಮ್ ಕೀಪರ್ ಹತ್ತಿರ. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಸೈರನ್ ಆರಕ್ಕೆ ಆದರೂ ಮೇಷ್ಟ್ರ ಬೀಗ ಬೀಳುತ್ತಿದ್ದದ್ದು ಆರೂ ಹತ್ತಕ್ಕೆ. ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರದ ಕಡೆಯಿಂದ ಬರುವವರು ಬಹಳ ಜನ. ಮೊದಲ ಬಸ್ಸು ಕೈಕೊಟ್ಟರೆ ಜಾಲಹಳ್ಳಿ ಕ್ರಾಸಿನಿಂದ ಓಡಿಕೊಂಡು ಬರಬೇಕು. ಅದು ಅವರಿಗೆ ಗೊತ್ತಿತ್ತು. ಬಸ್ಸು ಕೆಟ್ಟು ನಿಂತ ದಿನ ಹತ್ತು ನಿಮಿಷ ಇಪ್ಪತ್ತಾಗುತ್ತಿತ್ತು. ಹಾಗಂತ ಅವರೇನು ಧರ್ಮರಾಯರಲ್ಲ. ತಮ್ಮೂರಿನ ಹುಡುಗರಿಗೆ ಒಂದು ನ್ಯಾಯ, ಎದುರು ಮಾತಾಡಿದವನಿಗೆ ಇನ್ನೊಂದು. ಯೂನಿಯನ್ ಚುನಾವಣೆಯಲ್ಲಿ ತಮಗಾಗದವರ ಜೊತೆ ಓಡಾಡಿದವನು ಎರಡು ನಿಮಿಷ ತಡವಾದರೂ ಅವನ ಹೆಸರಿನ ಮುಂದೆ ಕೆಂಪಿಂಕಿನ ಗೆರೆ ಬೀಳುತ್ತಿತ್ತು. ಆದರೆ ಕಿಟಕಿಯ ಮುಂದೆ ನಿಂತು ಜಗಳ ಆಡಬಹುದಿತ್ತು. ಆಡುತ್ತಿದ್ದರು ಕೂಡ.

ತೊಂಬತ್ತರ ದಶಕದಲ್ಲಿ ಪಂಚಿಂಗ್ ಗಡಿಯಾರ ಬಂತು. ರಟ್ಟಿನ ಕಾರ್ಡನ್ನು ಸೀಳಿಗೆ ಇಳಿಸಿದರೆ ಠಕ್ಕೆಂದು ಗಂಟೆ ನಿಮಿಷ ಅಚ್ಚಾಗುತ್ತಿತ್ತು. ರಿಬ್ಬನ್ನಿನಲ್ಲಿ ಎರಡು ಬಣ್ಣ. ಸಮಯಕ್ಕೆ ಬಂದರೆ ನೀಲಿ, ತಡವಾದರೆ ಕೆಂಪು. ಸಂಬಳದ ದಿನ ಕಾರ್ಡನ್ನು ಬೆಳಕಿಗೆ ಹಿಡಿದು ಕೆಂಪು ಎಷ್ಟು ಅಂತ ಎಣಿಸುವುದು ಒಂದು ಪದ್ಧತಿಯೇ ಆಗಿತ್ತು. ಮೋಸಕ್ಕೆ ದಾರಿ ಇನ್ನೂ ಸಲೀಸು: ಒಬ್ಬ ಮೊದಲು ಬಂದು ಗೆಳೆಯನ ಕಾರ್ಡನ್ನೂ ಠಕ್ ಅನ್ನಿಸಿಬಿಟ್ಟರೆ ಮುಗಿಯಿತು. ಸೆಕ್ಯುರಿಟಿಯವರು ನೋಡಿದರೂ ನೋಡದ ಹಾಗೆ ಇರುತ್ತಿದ್ದರು. ಅವರಿಗೂ ಆಗಾಗ ಅಂಥದೇ ಉಪಕಾರ ಬೇಕಾಗುತ್ತಿತ್ತಲ್ಲ.

2000ದ ನಂತರ ಪ್ರಾಕ್ಸಿಮಿಟಿ ಕಾರ್ಡು ಬಂತು. ಬಿಳಿ ಪ್ಲಾಸ್ಟಿಕ್ಕಿನ ದಪ್ಪ ಕಾರ್ಡು, ಕೊರಳಿಗೆ ನೀಲಿ ಪಟ್ಟಿ. ಅದರೊಳಗೆ ಬ್ಯಾಟರಿ ಇಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ. ಒಂದು ಕೆಟ್ಟ ಕಾರ್ಡನ್ನು ಬ್ಲೇಡಿನಿಂದ ಸೀಳಿ ತೋರಿಸಿದ್ದೆ: ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯ ಸುರುಳಿ, ಅದರ ತುದಿಗೆ ಸಾಸಿವೆ ಕಾಳಿನಷ್ಟು ಚಿಪ್ಪು, ಅಷ್ಟೆ. ರೀಡರು 125 ಕಿಲೋಹರ್ಟ್ಜ್‌ನಲ್ಲಿ ಸದಾ ಒಂದು ಅಲೆ ಬಿಡುತ್ತಿರುತ್ತದೆ. ಸುರುಳಿ ಅದರ ಹತ್ತಿರ ಬಂದಾಗ ಅಲ್ಲಿಂದಲೇ ಕರೆಂಟು ಹುಟ್ಟಿ ಚಿಪ್ಪು ತನ್ನ ನಂಬರು ಹೇಳುತ್ತದೆ. ವೈಂಡಿಂಗ್ ಸೆಕ್ಷನ್ನಿನವರಿಗೆ ಇದು ತಕ್ಷಣ ಅರ್ಥವಾಯಿತು. "ಟ್ರಾನ್ಸ್‌ಫಾರ್ಮರ್ ಕಣ್ರೀ ಇದು" ಅಂದುಬಿಟ್ಟರು.

ರೀಡರಿನಿಂದ ಕಂಟ್ರೋಲರಿಗೆ ಹೋಗುವ ತಂತಿಯಲ್ಲಿ ಹಸಿರು ಒಂದು, ಬಿಳಿ ಒಂದು. ಸೊನ್ನೆ ಹಸಿರಿನಲ್ಲಿ, ಒಂದು ಬಿಳಿಯಲ್ಲಿ. ಎರಡೂ ಅದಲುಬದಲಾದರೆ ರೀಡರು ಬೀಪ್ ಅನ್ನುತ್ತದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಹೋಗುವುದು ಒಟ್ಟು 26 ಬಿಟ್. ಅದರಲ್ಲಿ 8 ಸೈಟ್ ಕೋಡಿಗೆ, 16 ಕಾರ್ಡಿನ ನಂಬರಿಗೆ, ಉಳಿದ ಎರಡು ತಪ್ಪು ಹಿಡಿಯುವುದಕ್ಕೆ. ಟೂಲ್ ಸ್ಟೋರಿನ ಬಾಗಿಲಿಗೆ ರೀಡರು ಹಾಕುವಾಗ ನಾನು ಹಟ ಹಿಡಿದ ಸಂಗತಿ ಒಂದೇ, ಬೀಗ ತೆಗೆಯುವ ರಿಲೇ ಒಳಗಡೆಯ ಕಂಟ್ರೋಲರಿನಲ್ಲೇ ಇರಬೇಕು ಅಂತ. ಹೊರಗಿನ ಪೆಟ್ಟಿಗೆಯಲ್ಲೇ ರಿಲೇ ಇದ್ದರೆ ಸ್ಕ್ರೂ ಬಿಚ್ಚಿ ಎರಡು ತಂತಿ ಮುಟ್ಟಿಸಿದವನಿಗೆ ಕಾರ್ಡೇ ಬೇಡ. ಈಗಲೂ ಎಷ್ಟೋ ಕಡೆ ಹಾಗೇ ಕೂರಿಸಿರುತ್ತಾರೆ. ಬಾಗಿಲಿನ ಮ್ಯಾಗ್ನೆಟಿಕ್ ಲಾಕು ಕರೆಂಟು ಹೋದರೆ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಒಳಗೆ ಸಿಕ್ಕಿಕೊಳ್ಳಬಾರದು ಅಂತ ಹಾಗೆ ಮಾಡಿರುವುದು. ಪೀಣ್ಯದಲ್ಲಿ ಕರೆಂಟು ಹೋಗದ ದಿನವೇ ಇಲ್ಲದ ಕಾಲ ಅದು, ಹಾಗಾಗಿ ಸ್ಟೋರಿನವರು ಹಳೆಯ ಗೋದ್ರೇಜ್ ಬೀಗವನ್ನೂ ಬಿಡಲಿಲ್ಲ.

ಕಾರ್ಡು ಬಂದರೂ ಗೆಳೆಯನ ಕಾರ್ಡು ತೋರಿಸುವುದು ನಿಲ್ಲಲಿಲ್ಲ. ಜೇಬಿನಲ್ಲಿ ನಾಲ್ಕು ಕಾರ್ಡಿಟ್ಟುಕೊಂಡು ಬರುವವರಿದ್ದರು. ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿದರೆ ಅಲೆಗಳು ಕಲಸಿಹೋಗಿ ಒಂದೂ ಓದಿಸಿಕೊಳ್ಳುವುದಿಲ್ಲ. ಒಂದೊಂದಾಗಿ ಹಿಡಿಯಬೇಕು ಅಂತ ಅವರೇ ಕಂಡುಕೊಂಡಿದ್ದರು! ಹೀಗಾಗಿಯೇ ಕೆಲವು ವರ್ಷದ ಮೇಲೆ ಬೆರಳಿನ ಯಂತ್ರ ಬಂತು. ಬೆರಳು ಮತ್ತು ಕಾರ್ಡು, ಎರಡೂ ಓದುವಂಥದು.

ಪೆಟ್ಟಿಗೆಯಿಂದ ತೆಗೆದಾಗ ಎಲ್ಲ ಯಂತ್ರಗಳ ವಿಳಾಸವೂ ಒಂದೇ, 192.168.1.201. ಎರಡನ್ನು ಹಾಗೇ ಒಂದು ನೆಟ್‌ವರ್ಕಿಗೆ ಸಿಕ್ಕಿಸಿದರೆ ಕಂಪ್ಯೂಟರಿಗೆ ಒಮ್ಮೆ ಇದು, ಒಮ್ಮೆ ಅದು ಕಾಣುತ್ತದೆ. ಮೊದಲು ಒಂದೊಂದಕ್ಕೂ ಬೇರೆ ವಿಳಾಸ ಕೊಡಬೇಕು. ಆಮೇಲೆ ಅಡ್ಮಿನ್ ಯಾರು ಅಂತ ನೋಂದಾಯಿಸಬೇಕು. ಅದನ್ನು ಮಾಡದೆ ಬಿಟ್ಟರೆ ಮೆನು ಗುಂಡಿ ಒತ್ತಿದ ಯಾರು ಬೇಕಾದರೂ ಒಳಗೆ ಹೋಗಿ ಟೈಮ್ ಬದಲಾಯಿಸಬಹುದು. ಅಡ್ಮಿನ್ ಒಬ್ಬನೇ ಇದ್ದು ಅವನು ಕೆಲಸ ಬಿಟ್ಟರೆ ಅದು ಇನ್ನೊಂದು ಪೇಚು. ನಾವು ಇಬ್ಬರನ್ನು ಇಟ್ಟೆವು. ಪ್ರತಿ ಯಂತ್ರದ ಗಡಿಯಾರವೂ ದಿನಕ್ಕೆ ಒಂದಿಷ್ಟು ಸೆಕೆಂಡು ಹಿಂದೆ ಮುಂದೆ ಆಗುತ್ತದೆ, ಸರ್ವರಿನಿಂದ ಸರಿಮಾಡುತ್ತಿರಬೇಕು. ಇಲ್ಲದಿದ್ದರೆ ಮುಂದಿನ ಗೇಟಿನಲ್ಲಿ ಲೇಟಾದವನು ಹಿಂದಿನ ಗೇಟಿನಲ್ಲಿ ಸಮಯಕ್ಕೆ ಬಂದಿರುತ್ತಾನೆ. ಈ ಗುಟ್ಟು ಕೆಲಸಗಾರರಿಗೆ ನಮಗಿಂತ ಮೊದಲೇ ಗೊತ್ತಾಗುತ್ತಿತ್ತು.

ಇನ್ನು ಬೆರಳು. ಒಬ್ಬೊಬ್ಬರಿಂದ ಎರಡೆರಡು ಬೆರಳು, ಒಂದೊಂದನ್ನೂ ಮೂರು ಸಲ ಒತ್ತಿಸಬೇಕು. ಯಂತ್ರ ಫೋಟೊ ಇಟ್ಟುಕೊಳ್ಳುವುದಿಲ್ಲ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲಾಗುತ್ತದೆ ಅನ್ನುವ ಬಿಂದುಗಳನ್ನಷ್ಟೇ ಅಂಕಿಯಾಗಿ ಬರೆದುಕೊಳ್ಳುತ್ತದೆ. ಆಫೀಸಿನವರದ್ದು ಒಂದೇ ಬೆಳಗ್ಗೆಗೆ ಮುಗಿಯಿತು. ಶಾಪ್ ಫ್ಲೋರಿನವರದ್ದು ವಾರಗಟ್ಟಲೆ ಎಳೆಯಿತು. ಲೇತಿನವರ ಬೆರಳಿಗೆ ಕೂಲೆಂಟ್ ಎಣ್ಣೆ. ಗ್ರೈಂಡಿಂಗಿನವರ ಬೆರಳ ತುದಿ ಸವೆದು ಗೆರೆಯೇ ಇಲ್ಲ. ಪ್ಲೇಟಿಂಗ್ ಸೆಕ್ಷನ್ನಿನವರದ್ದು ಆಸಿಡ್ಡಿಗೆ ಸುಲಿದುಹೋದ ಚರ್ಮ. ಪ್ಯಾಕಿಂಗಿನ ಹೆಂಗಸರಿಗೆ ರಟ್ಟು ಮುಟ್ಟಿ ಮುಟ್ಟಿ ಒಣಗಿ ಬಿರಿದ ಕೈ. ತೋರುಬೆರಳು ಆಗದಿದ್ದರೆ ಎಡಗೈ ಉಂಗುರ ಬೆರಳು, ಅದೂ ಆಗದಿದ್ದರೆ ಕಿರುಬೆರಳು. ಅಂದಹಾಗೆ ಎಲ್ಲರೂ ಇವತ್ತಿಗೂ "ಥಂಬ್ ಕೊಟ್ಟು ಬರ್ತೀನಿ" ಅನ್ನುತ್ತಾರೆ. ಹೆಬ್ಬೆರಳು ಕೊಡುವವರು ಎಷ್ಟು ಜನ ಇದ್ದಾರೋ.

ಡಿಸೆಂಬರಿನ ಫಸ್ಟ್ ಶಿಫ್ಟು ಬಂದರೆ ಚಳಿಗೆ ಯಾರ ಬೆರಳೂ ಹಿಡಿಯುತ್ತಿರಲಿಲ್ಲ. ಸಾಲಿನಲ್ಲಿ ನಿಂತವರು ಬೆರಳನ್ನು ಹಣೆಗೆ ಉಜ್ಜಿಕೊಂಡು, ಒಮ್ಮೆ ಬಾಯಿಂದ ಹಾ ಎಂದು ಬಿಸಿಯುಸಿರು ಬಿಟ್ಟು ಒತ್ತುತ್ತಿದ್ದರು. ಹಣೆಯ ಜಿಡ್ಡು ತಾಗಿದರೆ ಗಾಜಿನ ಮೇಲೆ ಗೆರೆ ಚೆನ್ನಾಗಿ ಮೂಡುತ್ತದೆ. ನಮ್ಮ ಮುಂದಿನ ಗೇಟು ಪೂರ್ವಕ್ಕೆ. ಏಳೂವರೆಯ ಬಿಸಿಲು ನೇರ ಗಾಜಿನ ಮೇಲೆ ಬಿದ್ದರೆ ಸೆನ್ಸರಿಗೆ ಕಣ್ಣು ಕತ್ತಲೆ. ಜನರಲ್ ಶಿಫ್ಟಿನ ಅರ್ಧ ಜನ ಗೇಟಿನಲ್ಲೇ. ಕೊನೆಗೆ ಶೀಟ್ ಮೆಟಲ್ಲಿನ ಹುಡುಗರು ಒಂದು ತಗಡು ಬಗ್ಗಿಸಿ ಟೋಪಿಯ ಹಾಗೆ ಮೇಲೆ ಕೂರಿಸಿದರು. ಯಂತ್ರದ ಕಂಪನಿಯಿಂದ ಬಂದ ಇಂಜಿನಿಯರು ಅದರ ಫೋಟೊ ತೆಗೆದುಕೊಂಡು ಹೋದ.

ಒಬ್ಬ ಹಳೆಯ ಟರ್ನರ್ ಮಾತ್ರ ಬೆರಳು ಕೊಡುವುದಿಲ್ಲ ಅಂತ ಕೂತುಬಿಟ್ಟರು. ಅವರು ಸೇರಿದಾಗ ಸಂಬಳದ ಪುಸ್ತಕಕ್ಕೆ ಸ್ಟ್ಯಾಂಪ್ ಪ್ಯಾಡಿನ ಶಾಯಿ ಮೆತ್ತಿ ಹೆಬ್ಬೆಟ್ಟು ಒತ್ತುತ್ತಿದ್ದವರು. ಆಮೇಲೆ ಮಗಳ ಸ್ಲೇಟಿನಲ್ಲಿ ತಿದ್ದಿ ಸಹಿ ಕಲಿತಿದ್ದರು.

"ಸಹಿ ಕಲಿತು ಇಪ್ಪತ್ತು ವರ್ಷ ಆಯ್ತು ಸಾರ್. ಈಗ ಮತ್ತೆ ಒತ್ತು ಅಂತೀರಾ?"

"ಎಂ.ಡಿ. ಸಾಹೇಬರೂ ಒತ್ತಬೇಕು ಕಣಣ್ಣ" ಅಂದೆ.

"ಅವರು ಓದಿದೋರು. ಅವರು ಒತ್ತಿದ್ರೆ ಯಾರೂ ಏನೂ ಅನ್ಕೊಳಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬೆರಳು ಒತ್ತಿಸುವ ಚರಿತ್ರೆಯೂ ಅವರು ಹೇಳಿದ ಹಾಗೇ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿಯ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಇಡೀ ಅಂಗೈ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅಲ್ಲಿ ಅದರ ವರ್ಗೀಕರಣಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಉಳಿದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಆರಂಭದಿಂದಲೂ ಬೆರಳು ಒತ್ತಿಸಿಕೊಂಡದ್ದು ಯಾರ ಮಾತಿನ ಮೇಲೆ ಸರ್ಕಾರಕ್ಕೆ ನಂಬಿಕೆ ಇರಲಿಲ್ಲವೋ ಅವರಿಂದ. ಟರ್ನರ್ ಅಣ್ಣನಿಗೆ ಈ ಚರಿತ್ರೆ ಗೊತ್ತಿರಲಿಲ್ಲ, ಆದರೆ ಅವಮಾನ ಗೊತ್ತಿತ್ತು. ಪರ್ಸನಲ್ ಮ್ಯಾನೇಜರಿಗೆ ಹೇಳಿ ಅವರ ಹೆಸರಿಗೆ ಕಾರ್ಡು ಮಾತ್ರ ಸಾಕು ಅಂತ ಸೆಟ್ ಮಾಡಿಕೊಟ್ಟೆ. ರಿಟೈರ್ ಆಗುವವರೆಗೂ ಕಾರ್ಡು ತೋರಿಸಿಯೇ ಬಂದರು.

ಉಳಿದವರಿಗೆ ಕಾರ್ಡು ಮತ್ತು ಬೆರಳು ಎರಡೂ. ಬರೀ ಬೆರಳಿಟ್ಟರೆ ಯಂತ್ರ ಎಲ್ಲರ ಬೆರಳಿನ ಜೊತೆಗೂ ಹೋಲಿಸಿ ನೋಡಬೇಕು. ಜನ ಹೆಚ್ಚಾದಷ್ಟೂ ನಿಧಾನ, ತಪ್ಪು ಹೆಸರು ಹೇಳುವ ಸಂಭವವೂ ಹೆಚ್ಚು. ಮೊದಲು ಕಾರ್ಡು ತೋರಿಸಿದರೆ ಯಾರೆಂದು ತಿಳಿಯುತ್ತದೆ, ಆಮೇಲೆ ಆ ಒಬ್ಬರ ಬೆರಳಿಗಷ್ಟೇ ತಾಳೆ ನೋಡಿದರಾಯಿತು. ಸಾಲು ಸಲೀಸಾಗಿ ಸಾಗಿತು. ಇನ್ನೊಂದು ಒಳ್ಳೆಯದೂ ಆಯಿತು. ಗುತ್ತಿಗೆದಾರರ ಮಸ್ಟರಿನಲ್ಲಿ ವರ್ಷಗಟ್ಟಲೆ ಹಾಜರಿದ್ದ ಕೆಲವು ಹೆಸರುಗಳು ಬೆರಳು ಕೊಡಲು ಬರಲೇ ಇಲ್ಲ. ಬರುವುದಕ್ಕೆ ಅಂಥ ಮನುಷ್ಯರೇ ಇರಲಿಲ್ಲ.

ಇಷ್ಟೆಲ್ಲ ತಂತಿ, ಬೆರಳಿನ ಕೆಲಸ. ನಿಜವಾದ ಬದಲಾವಣೆ ಆದದ್ದು ಒಂದು ಮಧ್ಯಾಹ್ನ, ಪರ್ಸನಲ್ ಡಿಪಾರ್ಟ್‌ಮೆಂಟಿನ ಎ.ಸಿ. ರೂಮಿನಲ್ಲಿ. ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಪರದೆಯ ಮೇಲೆ ಖಾಲಿ ಚೌಕಗಳನ್ನು ತುಂಬುತ್ತ ಹೋಗುತ್ತಿದ್ದ.

"ಗ್ರೇಸ್ ಎಷ್ಟು ಹಾಕ್ಲಿ ಸಾರ್?"

ಮ್ಯಾನೇಜರು ಫೋನಿನಿಂದ ತಲೆಯೆತ್ತದೆ "ಐದು ಹಾಕಿ" ಅಂದರು.

"ಮೂರು ಲೇಟಿಗೆ ಅರ್ಧ ದಿನ ಕಟ್ ಇಡ್ಲಾ? ಎಲ್ಲ ಕಡೆ ಅದೇ ಇರೋದು."

"ಹ್ಞೂ, ಇಡಿ."

ಮೇಷ್ಟ್ರ ಹತ್ತು ನಿಮಿಷ ಹೀಗೆ ಐದಾಯಿತು. ಆ ಚೌಕದ ಮುಂದೆ ನಿಂತು ಜಗಳ ಆಡಲು ಕಿಟಕಿ ಇರಲಿಲ್ಲ. ಆರು ನಿಮಿಷ ತಡವಾದವನು ಕೇಳಿದರೆ ಸೆಕ್ಯುರಿಟಿಯವನು "ಸಿಸ್ಟಮ್ ತಗೊಳಲ್ಲ" ಅನ್ನುತ್ತಾನೆ. ಸಿಸ್ಟಮ್ ತಗೊಳದೇ ಇರುವುದೇನು, ತಗೊಳಬೇಡ ಅಂತ ನಾವೇ ಹೇಳಿದ್ದೆವು. ಮೂರು ಲೇಟಿಗೆ ಅರ್ಧ ದಿನದ ವಿಷಯದಲ್ಲಿ ಕಾನೂನೇ ಅಡ್ಡ ಇತ್ತು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 9ನೇ ಸೆಕ್ಷನ್ನಿನ ಪ್ರಕಾರ ಎಷ್ಟು ಹೊತ್ತು ಗೈರುಹಾಜರಿಯೋ ಅಷ್ಟಕ್ಕೇ ಸಂಬಳ ಹಿಡಿಯಬೇಕು. ಹದಿನೆಂಟು ನಿಮಿಷಕ್ಕೆ ನಾಲ್ಕು ಗಂಟೆ ಹಿಡಿಯುವ ಹಾಗಿಲ್ಲ. ಈ ಮಾತನ್ನು ಯೂನಿಯನ್ನಿನವರು ಎತ್ತಿದ ಮೇಲೆ ಆ ಟಿಕ್ ಗುರುತು ಹೋಯಿತು.

ಓಟಿಯದ್ದು, ಅಂದರೆ ಓವರ್‌ಟೈಮಿನದ್ದು, ಅಷ್ಟು ಬೇಗ ಬಗೆಹರಿಯಲಿಲ್ಲ. ಒಬ್ಬ ಸಿ.ಎನ್.ಸಿ. ಆಪರೇಟರ್ ಜೇಬಿನಲ್ಲಿ ಒಂದು ಪುಟಾಣಿ ನೋಟ್‌ಬುಕ್ ಇಟ್ಟುಕೊಂಡಿದ್ದ. ದಿನಾ ಹೊರಹೋದ ಟೈಮು ಅದರಲ್ಲಿ. ಶಿಫ್ಟು ಎರಡೂವರೆಗೆ ಮುಗಿದರೂ ಮುಂದಿನವನಿಗೆ ಮೆಷಿನ್ ಒಪ್ಪಿಸಿ, ಜಾಬ್ ಅಳತೆ ತೋರಿಸಿ ಗೇಟಿಗೆ ಬರುವಾಗ 2.52, 2.55, 2.57. ನಮ್ಮ ಪ್ರಿಂಟ್‌ಔಟ್ ತೆಗೆದು ಪಕ್ಕದಲ್ಲಿಟ್ಟೆ. ಒಂದು ನಿಮಿಷವೂ ವ್ಯತ್ಯಾಸವಿಲ್ಲ. ಆದರೆ ಕೊನೆಯ ಕಾಲಮ್ಮಿನಲ್ಲಿ, ಓಟಿ ಅನ್ನುವ ಕಡೆ, ಎಲ್ಲ ದಿನವೂ ಸೊನ್ನೆ. ಮೂವತ್ತು ನಿಮಿಷಕ್ಕೆ ಕಡಿಮೆ ಇದ್ದರೆ ಬಿಟ್ಟುಬಿಡು ಅಂತ ಇನ್ನೊಂದು ಚೌಕದಲ್ಲಿ ತುಂಬಿತ್ತು. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದರೆ ಎರಡು ಪಟ್ಟು ಕೂಲಿ ಅನ್ನುತ್ತಿತ್ತು. ದಿನಕ್ಕೆ ಎಂಟರಂತೆ ಆರು ದಿನಕ್ಕೇ 48 ತುಂಬಿಹೋಗುತ್ತದೆ. ಆಮೇಲಿನ ಪ್ರತಿ ನಿಮಿಷವೂ ದುಪ್ಪಟ್ಟಿನದು. ಮಾತುಕತೆಯಾಗಿ ಮೂವತ್ತು ಇದ್ದದ್ದು ಹದಿನೈದಾಯಿತು. ಹಿಂದಿನ ತಿಂಗಳುಗಳ ಬಾಕಿ ಬರಲಿಲ್ಲ.

ಆ ಹುಡುಗನ ಲೆಕ್ಕವನ್ನು ಒಪ್ಪಲೇಬೇಕಾಗಿ ಬಂದದ್ದು ಯಂತ್ರ ಇದ್ದದ್ದರಿಂದಲೇ. ಮೇಷ್ಟ್ರ ಕಾಲದಲ್ಲಿ ಅದು ಅವನ ಬಾಯಿಮಾತಾಗಿ ಹೋಗುತ್ತಿತ್ತು. ಹಾಗಾಗಿ ಯಂತ್ರವನ್ನು ಬೈಯುವವರ ಗುಂಪಿಗೆ ನಾನು ಸೇರುವುದಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಬೆರಳು ಒತ್ತುವುದೇ ನಿಂತಿತು. ಕೇಂದ್ರ ಸರ್ಕಾರದ ಕಚೇರಿಗಳಲ್ಲೂ ನಿಲ್ಲಿಸಿದರು. ಲಾಕ್‌ಡೌನ್ ಮುಗಿದು ಬಾಗಿಲು ತೆಗೆದಾಗ ನಮ್ಮ ಕೈಹಿಡಿದದ್ದು ಹಳೆಯ ಕಾರ್ಡು. ಈಗ ಗೇಟುಗಳಲ್ಲಿ ಮುಖ ನೋಡುವ ಯಂತ್ರಗಳು. ಕೂಲೆಂಟ್ ಎಣ್ಣೆಯ ತಕರಾರಿಲ್ಲ, ಬಿಸಿಲಿನ ತಕರಾರು ಇದಕ್ಕೂ ಇದೆ. ಚೌಕಗಳೂ ಅವೇ ಇವೆ.

ಕಾರ್ಖಾನೆಯಿರಲಿ, ಆಸ್ಪತ್ರೆಯಿರಲಿ, ನೀವು ಬೆರಳು ಒತ್ತುವ ಜಾಗದಲ್ಲಿ ಗ್ರೇಸ್ ಎಷ್ಟು, ಓಟಿ ಎಷ್ಟು ನಿಮಿಷದಿಂದ ಶುರು ಅಂತ ಕೇಳಿ ತಿಳಿದುಕೊಳ್ಳಿ. ತಿಂಗಳಿಗೊಮ್ಮೆ ನಿಮ್ಮ ಪಂಚಿನ ಪ್ರಿಂಟ್‌ಔಟ್ ಕೇಳಿ ಇಸಿದುಕೊಳ್ಳಿ. ಕೆಲಸ ಬಿಡುವಾಗ ಕಾರ್ಡು ವಾಪಸ್ ಕೊಟ್ಟರೆ ಸಾಲದು, ಬೆರಳಿನ ದಾಖಲೆಯನ್ನು ಗೇಟಿನ ಯಂತ್ರದಿಂದಲೂ ಸರ್ವರಿನಿಂದಲೂ ತೆಗೆಯಿರಿ ಅಂತ ಬರೆದು ಕೊಡಿ. ವೈಯಕ್ತಿಕ ದತ್ತಾಂಶದ 2023ರ ಕಾಯ್ದೆಯಲ್ಲಿ, ಒಪ್ಪಿಗೆಯ ಮೇಲೆ ಕೊಟ್ಟ ದಾಖಲೆಯನ್ನು ಹಾಗೆ ಅಳಿಸಿ ಎಂದು ಕೇಳುವ ಹಕ್ಕು ಬರೆದಿದೆ. ಕಾರ್ಡು ಕಳೆದರೆ ಇನ್ನೊಂದು ಕೊಡುತ್ತಾರೆ, ಬೆರಳಿಗೆ ಹಾಗಾಗುವುದಿಲ್ಲ.