ಮೆಹದಿಪಟ್ಟಣಂ ಮರಗಳೊಡನೆ ಒಗಟಿನಾಟ

ಮೆಹದಿಪಟ್ಟಣಂ ಎಂದೊಡನೆ ಹೈದರಾಬಾದಿನವರ ಕಣ್ಣಿಗೆ ಕಟ್ಟುವುದು ಮರಗಳಲ್ಲ. ಬಸ್ಸುಗಳ ಸಾಲು, ಆಟೋಗಳ ಗದ್ದಲ, 2009ರಲ್ಲಿ ಸಂಚಾರಕ್ಕೆ ತೆರೆದ 11.6 ಕಿಲೋಮೀಟರು ಉದ್ದದ ಮೇಲ್ಸೇತುವೆಯ ಕಂಬಗಳು. ಇಲ್ಲಿ ವಿಳಾಸ ಹೇಳುವುದೂ ಕಂಬದ ಸಂಖ್ಯೆಯಿಂದಲೇ. ನಮ್ಮ ಹಳ್ಳಿಗಳಲ್ಲಾದರೆ “ಅರಳೀಕಟ್ಟೆಯ ಹತ್ತಿರ ಬಲಕ್ಕೆ ತಿರುಗಿ” ಎಂದರೆ ಸಾಕು. ಕಂಬ ಎಣಿಸಬಲ್ಲ ನಮ್ಮ ಮಕ್ಕಳಿಗೆ ಮರ ಗುರುತಿಸಲೂ ಬರಲಿ ಎಂದು ನಾವು ಕೆಲವು ಮನೆಯವರು ಕೂಡಿ ಭಾನುವಾರದ ಬೆಳಿಗ್ಗೆ ಒಗಟಿನಾಟವೊಂದನ್ನು ಆರಂಭಿಸಿದ್ದೇವೆ.

ನಿಯಮ ಸುಲಭ. ಹಿರಿಯರು ಸುಳಿವು ಕೊಡಬೇಕು. ಕಿರಿಯರು ಮರವನ್ನು ಹುಡುಕಿ ಮುಟ್ಟಿ ಬರಬೇಕು. ಕನ್ನಡದ ಹೆಸರಿಗೆ ಒಂದು ಅಂಕ, ತೆಲುಗಿನದಕ್ಕೆ ಒಂದು, ಉರ್ದುವಿನದಕ್ಕೆ ಒಂದು. ತಿಳಿಯದಿದ್ದರೆ ಹಣ್ಣಿನ ಗಾಡಿಯವರನ್ನೋ ಕಾವಲುಗಾರರನ್ನೋ ವಿನಯದಿಂದ ಕೇಳಬಹುದು, ಅದು ಮೋಸವಲ್ಲ.

“ಎಲೆಗೆ ಗರಗಸದ ಹಲ್ಲು, ಬಾಯಿಗಿಟ್ಟರೆ ಮುಖ ಸೊಟ್ಟ, ಆದರೂ ವರ್ಷಕ್ಕೊಂದು ದಿನ ಬೆಲ್ಲದ ಗೆಳೆಯ.” ಇದನ್ನು ಬಿಡಿಸಲು ಯಾರಿಗೂ ಹೊತ್ತು ಹಿಡಿಯಲಿಲ್ಲ: ಬೇವು, ವೇಪ, ನೀಮ್. ಯುಗಾದಿಯ ದಿನ ನಾವು ಬೇವುಬೆಲ್ಲ ಹಂಚಿದರೆ ನೆರೆಮನೆಯ ತೆಲುಗರು ಅದೇ ಬೇವಿನ ಹೂವನ್ನು ಪಚ್ಚಡಿಗೆ ಹಾಕುತ್ತಾರೆ.

“ಗಾಳಿ ಇಲ್ಲದಾಗಲೂ ಚಪ್ಪಾಳೆ ತಟ್ಟುವವನು, ಎಲೆಗೆ ಬಾಲವುಳ್ಳವನು ಯಾರು?” ಅರಳಿ, ತೆಲುಗರಿಗೆ ರಾವಿ, ಉರ್ದುವಿನವರಿಗೆ ಪೀಪಲ್. ಎಲೆಯ ತೊಟ್ಟು ತೆಳ್ಳಗೆ, ಉದ್ದವಾಗಿರುವುದರಿಂದ ನಮಗೆ ತಿಳಿಯದಷ್ಟು ಸಣ್ಣ ಗಾಳಿಗೂ ಎಲೆ ಅಲುಗುತ್ತದೆ. ಅದರ ದಾಯಾದಿಯೇ ಅತ್ತಿ. “ಹೂ ಕಾಣಿಸದೆ ಹಣ್ಣು ತೋರಿಸುತ್ತಾನೆ, ಅದೂ ಮೈಮೇಲೆಯೇ” ಎಂದರೆ ಮಕ್ಕಳು ಕಾಂಡಕ್ಕೆ ಗೊಂಚಲಾಗಿ ಅಂಟಿದ ಕಾಯಿಗಳನ್ನು ನೋಡಿ ಬೆರಗಾಗುತ್ತಾರೆ. ಹೂವುಗಳೆಲ್ಲ ಆ ಕಾಯಿಯ ಒಳಗೇ ಇವೆ! ಕಿರಿದಾದ ಬಾಯಿಯಿಂದ ಪುಟ್ಟ ಕಣಜವೊಂದು ಒಳಹೊಕ್ಕು ಪರಾಗಸ್ಪರ್ಶ ಮಾಡುತ್ತದೆ. ಆ ಹುಳುವಿಲ್ಲದೆ ಬೀಜವಿಲ್ಲ, ಮರವಿಲ್ಲದೆ ಹುಳುವಿಲ್ಲ.

“ಬೇಸಗೆಯಲ್ಲಿ ನೆಲಕ್ಕೆ ಮಂಡಕ್ಕಿ ಚೆಲ್ಲುತ್ತಾಳೆ, ಚಪ್ಪಟೆ ಡಬ್ಬಿಯಲ್ಲಿ ಒಂದೇ ಬೀಜ ಬಚ್ಚಿಡುತ್ತಾಳೆ.” ಇವಳು ಹೊಂಗೆ, ಇಲ್ಲಿನವರ ಕಾನುಗ. ಉದುರಿದ ಹೂ ಮೊಗ್ಗುಗಳು ನಿಜವಾಗಿಯೂ ಮಂಡಕ್ಕಿಯಂತೆಯೇ ಕಾಣುತ್ತವೆ. ಬೀಜದ ಎಣ್ಣೆ ಹಿಂದೆ ದೀಪಕ್ಕಾಗುತ್ತಿತ್ತು. ನೆರಳಂತೂ ಇಂದಿಗೂ ತಂಪು.

ದಸರೆ ಬಂದಾಗ ಕೇಳಬೇಕಾದ ಒಗಟು ಬೇರೆ: “ಮೈಯೆಲ್ಲ ಮುಳ್ಳು, ಎಲೆಯೋ ಕಿರಿದು, ಒಂದು ದಿನ ಮಾತ್ರ ಬಂಗಾರ.” ಅದು ಬನ್ನಿ. ಉತ್ತರ ಕರ್ನಾಟಕದವರು ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುತ್ತಾರೆ. ತೆಲಂಗಾಣದವರೂ ಜಮ್ಮಿ ಎಲೆಯನ್ನು ಬಂಗಾರವೆಂದೇ ಹಂಚುತ್ತಾರೆ. 2014ರಲ್ಲಿ ರಾಜ್ಯ ರಚನೆಯಾದಾಗ ಈ ಜಮ್ಮಿಯೇ ತೆಲಂಗಾಣದ ರಾಜ್ಯವೃಕ್ಷವಾಯಿತು.

ಇಷ್ಟಾದ ಮೇಲೆ ಮಕ್ಕಳು ಒಂದು ಪ್ರಶ್ನೆ ಹಾಕಿದರು: “ಇವೆಲ್ಲ ಇಲ್ಲಿಯವೇ ತಾನೆ?” ಇವು ಇಲ್ಲಿಯವೇ. ಕೆಂಪು ಹೂವಿನ ಗುಲ್‌ಮೊಹರ್ ಮಾತ್ರ ಮಡಗಾಸ್ಕರಿನದು. ನಮ್ಮ ಸಾರಿನ ಹುಣಸೆಯ ಮೂಲ ಆಫ್ರಿಕ. ಆದರೆ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದಾಗ, ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರವನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಅವರಲ್ಲಿ ಯಾರೂ ಅದರ ಮೂಲ ವಿಚಾರಿಸಿರಲಾರರು! ಸಮೀಪದ ಗೋಲ್ಕೊಂಡದ ನಯಾ ಕಿಲಾದಲ್ಲಿ ಆನೆಗಾತ್ರದ ಬಾವೊಬಾಬ್ ನಿಂತಿದೆ. ಅದೂ ಆಫ್ರಿಕದಿಂದ ಬಂದ ಕುಲವೇ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇದೇ ಜಾತಿಯ ಮೂರು ಮರಗಳಿಗೆ ದೊಡ್ಡಹುಣಸೆ ಎಂಬ ಕನ್ನಡದ ಹೆಸರೇ ಅಂಟಿ, ಅಲ್ಲಿನ ಮಠವೂ ದೊಡ್ಡಹುಣಸೆ ಮಠವಾಗಿದೆ. ಬಂದವರು ಬೇರೂರಿ ನೆರಳು ಕೊಟ್ಟರೆ ಊರು ಅವರಿಗೆ ತನ್ನ ಭಾಷೆಯಲ್ಲಿ ಹೆಸರಿಡುತ್ತದೆ. ಹೊರನಾಡಿನಲ್ಲಿರುವ ನಮಗೆ ಇದು ಸಮಾಧಾನದ ಮಾತಲ್ಲವೇ?

ಆಟದಲ್ಲಿ ಆಟವಲ್ಲದ ಸಂಗತಿಯೂ ಒಂದಿದೆ. ಮೆಹದಿಪಟ್ಟಣಂನಿಂದ ಪಶ್ಚಿಮಕ್ಕೆ ಹೊರಡುವ ರಸ್ತೆ ಮೊಯಿನಾಬಾದು, ಚೇವೆಳ್ಳ ದಾಟಿ ವಿಜಾಪುರದ ಕಡೆಗೆ ಸಾಗುತ್ತದೆ. 1956ರ ತನಕ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಹೈದರಾಬಾದು ರಾಜ್ಯಕ್ಕೇ ಸೇರಿದ್ದವು. ಕನ್ನಡನಾಡಿಗೂ ಈ ನಗರಕ್ಕೂ ನಡುವಿನ ಹಳೆಯ ದಾರಿ ಇದು. ಅದರ ಎರಡೂ ಬದಿಗೆ ಆಲದ ಮರಗಳ ಸಾಲು. ರಸ್ತೆಯನ್ನು ಅಗಲಿಸುವ ಯೋಜನೆ ಬಂದಾಗ ಸುಮಾರು 900 ಆಲಗಳಿಗೆ ಕುತ್ತು ಒದಗಿತು. ವೃಕ್ಷಪ್ರೇಮಿಗಳು ಮರಮರವನ್ನೂ ಎಣಿಸಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೊರೆ ಹೊಕ್ಕರು. ಗುರುತು ಬಲ್ಲವರಿದ್ದುದರಿಂದಲ್ಲವೇ ಎಣಿಸುವವರು ಸಿಕ್ಕಿದ್ದು? ಹೆಸರೇ ಗೊತ್ತಿಲ್ಲದ ಮರ ಒಂದು ಬೆಳಿಗ್ಗೆ ಇಲ್ಲವಾದರೆ, ಏನು ಹೋಯಿತೆಂದು ಹೇಳಲೂ ನಮ್ಮ ಮಕ್ಕಳಿಗೆ ಮಾತಿರದು.

ಆದ್ದರಿಂದ, ವಾಚಕ ಬಂಧುಗಳೇ, ನಿಮ್ಮ ಬಡಾವಣೆಯಲ್ಲಿಯೂ ಈ ಆಟ ಆಡಿ ನೋಡಿ. ಖರ್ಚು ಏನೂ ಇಲ್ಲ. ಮೊದಲ ಒಗಟು ನಮ್ಮದೇ ಇರಲಿ: “ಒಂದು ತೊಟ್ಟಿಗೆ ಮೂರೇ ಎಲೆ; ಎಲೆಯುದುರಿದಾಗ ಕೊಂಬೆಗೆಲ್ಲ ಬೆಂಕಿ; ಪಂಕ್ತಿಗೆ ಕುಳಿತವರ ಮುಂದೆ ಹೊಲಿದ ಹಾಸು.” ಉತ್ತರವನ್ನು ಇಲ್ಲಿ ಅಚ್ಚು ಹಾಕುವುದಿಲ್ಲ. ಮನೆಯಲ್ಲಿ ಅಜ್ಜಿಯಿದ್ದರೆ ಕೇಳಿ. ಒಗಟಿನ ಜೊತೆಗೆ ಒಂದು ಮದುವೆಯೂಟದ ಕಥೆಯೂ ಸಿಕ್ಕೀತು.